ಕೊಳವೆಗೆ ತಿರುಪು ಕೊರೆಯುವ ಮುನ್ನ

ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಬಹುಕಾಲ ಕೈಗಾರಿಕಾ ಶಾಲೆಯೊಂದರಲ್ಲಿ ಕೊಳಾಯಿ ಕೆಲಸವನ್ನು ಕಲಿಸಿ ನಿವೃತ್ತರಾದ ಉಪಾಧ್ಯಾಯರು; ಇನ್ನೊಬ್ಬನು ಅವರಲ್ಲಿಯೇ ಕಲಿತು ಈಗ ಸ್ವತಂತ್ರವಾಗಿ ಕಸುಬು ನಡೆಸುತ್ತಿರುವ ಯುವಕ. ಪ್ಲಾಸ್ಟಿಕ್ ಕೊಳವೆಯ ಮೇಲೆ ತಿರುಪು ಕೊರೆಯಬಹುದೆ, ಕೊರೆಯಬಹುದಾದರೆ ಎಲ್ಲಿ ಮತ್ತು ಹೇಗೆ, ಕೊರೆಯಬಾರದಾದರೆ ಏಕೆ ಎಂಬುದು ಚರ್ಚೆಯ ವಿಷಯ. ನಲ್ಲಿಯಿರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ್ದಾದರೂ, ಗೋಡೆಯೊಳಗೆ ಹುದುಗಿಹೋಗುವ ಕಾರಣದಿಂದ ಯಾರ ಗಮನಕ್ಕೂ ಬಾರದೆ ಉಳಿಯುವ ವಿಷಯವಿದು. ಆದುದರಿಂದಲೇ ಇದನ್ನು ಕೊಂಚ ವಿಸ್ತಾರವಾಗಿ ಬರೆದಿದೆ.

ಯುವಕ: ಮೇಷ್ಟ್ರೇ, ಕಸುಬಿಗೆ ಸಂಬಂಧಿಸಿದ ಒಂದು ಸಂದೇಹವನ್ನು ತಮ್ಮ ಮುಂದಿಡಬೇಕೆಂದು ಬಂದಿದ್ದೇನೆ. ಹಳೆಯ ಬಡಾವಣೆಗಳ ಮನೆಗಳಲ್ಲಿ ಜಿಐ ಪೈಪುಗಳು ಒಳಗೆಲ್ಲ ತುಕ್ಕು ಕಟ್ಟಿಕೊಂಡು ನೀರು ಸಣ್ಣಗೆ ಬರುವಂತಾಗಿರುತ್ತದೆ. ಇಡೀ ಲೈನನ್ನು ಬದಲಾಯಿಸಲು ಯಜಮಾನರಿಗೆ ಅನುಕೂಲವಿರುವುದಿಲ್ಲ; ಕೆಟ್ಟಿರುವಷ್ಟನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಪ್ಲಾಸ್ಟಿಕ್ ಪೈಪು ಹಾಕಿಕೊಡು ಎನ್ನುತ್ತಾರೆ. ಡೈ ಸೆಟ್ಟು ನನ್ನಲ್ಲಿದೆ. ಕಬ್ಬಿಣಕ್ಕೆ ಥ್ರೆಡ್ಡು ಹೊಡೆಯುವಂತೆಯೇ ಪ್ಲಾಸ್ಟಿಕ್ಕಿಗೂ ಹೊಡೆದು, ಗೋಡೆಯಲ್ಲಿರುವ ಹಳೆಯ ಕಪ್ಲಿಂಗಿಗೆ ತಿರುಗಿಸಿಬಿಟ್ಟರೆ ಬೇರೆ ಫಿಟಿಂಗಿನ ಖರ್ಚೂ ಇಲ್ಲ, ಸಲ್ಯೂಷನ್ ಒಣಗುವವರೆಗೆ ಕಾಯುವ ಗೋಜೂ ಇಲ್ಲ. ಡೈ ಕೂಡ ಸಲೀಸಾಗಿ ಓಡುತ್ತದೆ. ಇದರಲ್ಲಿ ತಪ್ಪೇನು?

ಹಿರಿಯರು: ಡೈ ಸಲೀಸಾಗಿ ಓಡುವುದೇ ಇಲ್ಲಿಯ ಪ್ರಲೋಭನೆಯಪ್ಪಾ. ಕಬ್ಬಿಣವು ತನ್ನ ಮೇಲೆ ನಡೆಯುವ ಕೆಲಸದ ಭಾರವನ್ನು ಕೆಲಸಗಾರನ ತೋಳಿಗೆ ಆಗಲೇ ತಿಳಿಸಿಬಿಡುತ್ತದೆ. ಪ್ಲಾಸ್ಟಿಕ್ಕಾದರೋ ಕೊರೆಯುವಾಗ ಹೆಚ್ಚಿನ ಪ್ರತಿರೋಧವನ್ನೇನೂ ತೋರದೆ, ತನಗಾದ ಗಾಯವನ್ನು ಒಳಗೇ ಇಟ್ಟುಕೊಂಡಿದ್ದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಗೋಡೆಗೆ ಗಾರೆಯನ್ನೂ ಬಣ್ಣವನ್ನೂ ಬಳಿದು ಎಲ್ಲರೂ ಅದನ್ನು ಮರೆತಿರುವ ಕಾಲದಲ್ಲಿ ಬಿರಿಯುತ್ತದೆ. ಅದಿರಲಿ, ಪ್ಲಾಸ್ಟಿಕ್ ಪೈಪು ಎಂದೆಯಲ್ಲ, ಯಾವ ಪೈಪು?

ಯುವಕ: ಅಂಗಡಿಯಲ್ಲಿ ಅರ್ಧ ಇಂಚಿನದು ಎಂದರೆ ಕೊಡುತ್ತಾರಲ್ಲ, ಅದು.

ಹಿರಿಯರು: ಅರ್ಧ ಇಂಚು ಎಂಬ ಒಂದೇ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ಗಾತ್ರದ ಕೊಳವೆಗಳು ನಮ್ಮ ಅಂಗಡಿಗಳಲ್ಲಿ ಮಾರಾಟವಾಗುತ್ತಿರುವುದನ್ನು ನೀನು ಮೊದಲು ಗಮನಿಸಬೇಕು. ಕುಡಿಯುವ ನೀರಿನ ಯುಪಿವಿಸಿ ಕೊಳವೆಗಳಿಗಾಗಿ ನಮ್ಮ ದೇಶದಲ್ಲಿ ಐಎಸ್ 4985 ಎಂಬ ಮಾನಕವಿದೆ. ಅದರ ಕೊಳವೆಗಳನ್ನು ಹೊರವ್ಯಾಸದಿಂದ, 20, 25, 32, 40 ಮಿಲಿಮೀಟರು ಎಂದು ಎಣಿಸುತ್ತಾರೆ. ಅಮೆರಿಕದ ಮಾನಕವನ್ನು ಅನುಸರಿಸಿ ತಯಾರಾಗುವ ಷೆಡ್ಯೂಲ್ 40 ಮತ್ತು ಷೆಡ್ಯೂಲ್ 80 ಎಂಬ ಕೊಳವೆಗಳ ಹೊರವ್ಯಾಸ, ಅರ್ಧ ಇಂಚಿನ ಗಾತ್ರದಲ್ಲಿ, 21.34 ಮಿಲಿಮೀಟರು. ಬಿಸಿನೀರಿಗೆ ಹಾಕುವ ಸಿಪಿವಿಸಿ ಕೊಳವೆಯು ತಾಮ್ರದ ಕೊಳವೆಯ ಅಳತೆಯನ್ನು ಹಿಡಿದು ಬಂದದ್ದಾದುದರಿಂದ ಅದರ ಅರ್ಧ ಇಂಚಿನ ಹೊರವ್ಯಾಸ 15.9 ಮಿಲಿಮೀಟರು ಮಾತ್ರ. ಈಗ ನಿನ್ನ ಡೈಯ ಕಡೆಗೆ ಬಾ. ಅರ್ಧ ಇಂಚಿನ ಬ್ರಿಟಿಷ್ ಕೊಳವೆ ತಿರುಪಿನ, ಎಂದರೆ ನಮ್ಮ ದೇಶದ ನಲ್ಲಿಗಳೆಲ್ಲಕ್ಕೂ ಇರುವ ಬಿಎಸ್‌ಪಿ ತಿರುಪಿನ, ಶಿಖರದ ವ್ಯಾಸ ಎಷ್ಟು?

ಯುವಕ: ಸುಮಾರು 21 ಮಿಲಿಮೀಟರು ಇರಬೇಕು.

ಹಿರಿಯರು: 20.955. ಮುಕ್ಕಾಲು ಇಂಚಿನದು 26.441, ಒಂದು ಇಂಚಿನದು 33.249. ಈಗ ನೀನೇ ಹೋಲಿಸು. 20 ಮಿಲಿಮೀಟರಿನ ಕೊಳವೆಯಲ್ಲಿ 20.955 ಮಿಲಿಮೀಟರಿನ ಶಿಖರವನ್ನು ಎಲ್ಲಿಂದ ತರುವೆ? 25ರಲ್ಲಿ 26.441ನ್ನು, 32ರಲ್ಲಿ 33.249ನ್ನು ತರಬಲ್ಲ ಡೈ ಯಾವುದೂ ಇಲ್ಲ. ಏಕೆಂದರೆ ಡೈಯು ಇರುವುದನ್ನು ಕೆತ್ತಿ ತೆಗೆಯಬಲ್ಲುದೇ ಹೊರತು ಇಲ್ಲದುದನ್ನು ಸೇರಿಸಲಾರದು. ಇಂಥ ಕೊಳವೆಯ ಮೇಲೆ ಮೂಡುವ ತಿರುಪು ತಲೆ ಕತ್ತರಿಸಿದ ಅರೆತಿರುಪು; ನೋಡುವುದಕ್ಕೆ ತಿರುಪಿನಂತಿದ್ದರೂ, ಕಪ್ಲಿಂಗಿನ ಆಳದ ತಳವನ್ನು ಅದು ಎಂದೂ ಮುಟ್ಟದು. ಆಗ ಸಂದನ್ನು ಮುಚ್ಚುವುದಕ್ಕಾಗಿ ನೀನು ಟೇಪನ್ನು ಸುತ್ತುಮೇಲೆ ಸುತ್ತು ಸುತ್ತುವೆ. ಸಿಪಿವಿಸಿಯಲ್ಲಂತೂ ಈ ಪ್ರಶ್ನೆಗೆ ಅವಕಾಶವೇ ಇಲ್ಲ.

ಯುವಕ: ಷೆಡ್ಯೂಲ್ 40ರ ಕೊಳವೆಯ ಹೊರವ್ಯಾಸ 21.34 ಎಂದಿರಲ್ಲವೆ? ಅದರಲ್ಲಿ ತಿರುಪು ಪೂರ್ಣವಾಗಿ ಮೂಡಬೇಕು.

ಹಿರಿಯರು: ಮೂಡುತ್ತದೆ, ಆದರೆ ಮೂಡಿದ ಬಳಿಕ ಕೊಳವೆಯ ಭಿತ್ತಿಯಲ್ಲಿ ಏನು ಉಳಿಯುತ್ತದೆಂಬುದನ್ನು ಲೆಕ್ಕಹಾಕಬೇಕು. ಷೆಡ್ಯೂಲ್ 40ರ ಅರ್ಧ ಇಂಚಿನ ಕೊಳವೆಯ ಭಿತ್ತಿ 2.77 ಮಿಲಿಮೀಟರು ದಪ್ಪ. ಇಂಚಿಗೆ 14 ಸುತ್ತಿನ ಈ ತಿರುಪಿನ ಆಳ 1.16 ಮಿಲಿಮೀಟರು, ಅದರ ಮೇಲೆ, ಕೊಳವೆಯ ಹೊರವ್ಯಾಸವು ತಿರುಪಿನ ವ್ಯಾಸಕ್ಕೆ ಇಳಿಯುವಾಗ ಇನ್ನಷ್ಟು ಹೋಗುತ್ತದೆ. ಎಲ್ಲ ಕಳೆದು ತಿರುಪಿನ ಬುಡದಲ್ಲಿ ಉಳಿಯುವುದು ಸುಮಾರು 1.4 ಮಿಲಿಮೀಟರು, ಎಂದರೆ ಮೊದಲಿನ ದಪ್ಪದ ಅರ್ಧ. ತಿರುಪು 16ಕ್ಕೆ 1ರಂತೆ ತುದಿಯ ಕಡೆಗೆ ಇಳಿಜಾರಾಗಿರುವುದರಿಂದ ಕೊಳವೆಯ ಬಾಯಿಯ ಬಳಿ ಇನ್ನೂ ತೆಳು. ಷೆಡ್ಯೂಲ್ 80ರಲ್ಲಿಯಾದರೋ ಭಿತ್ತಿ 3.73 ಮಿಲಿಮೀಟರು; ತಿರುಪು ಕೊರೆದ ಮೇಲೂ ಸುಮಾರು 2.4 ಮಿಲಿಮೀಟರು ಉಳಿಯುತ್ತದೆ. ಈ ಕಾರಣದಿಂದಲೇ ತಯಾರಕರು ಷೆಡ್ಯೂಲ್ 40ಕ್ಕೆ ತಿರುಪು ಕೊರೆಯಕೂಡದೆಂದೂ, ಷೆಡ್ಯೂಲ್ 80ಕ್ಕೆ ಕೊರೆಯಬಹುದಾದರೂ ಅದರ ಒತ್ತಡದ ಯೋಗ್ಯತೆಯನ್ನು ಅರ್ಧಕ್ಕೆ ಇಳಿಸಿ ಎಣಿಸಬೇಕೆಂದೂ ವಿಧಿಸಿದ್ದಾರೆ. ಅರ್ಧ ಇಂಚಿನ ಷೆಡ್ಯೂಲ್ 80 ಪಿವಿಸಿ ಕೊಳವೆಯು ಹಾಗೆಯೇ ಇದ್ದಾಗ ಚದರ ಇಂಚಿಗೆ 850 ಪೌಂಡಿನ ಒತ್ತಡಕ್ಕೆ ಅರ್ಹ. ತಿರುಪು ಕೊರೆದಾಗ 420ಕ್ಕೆ.

ಯುವಕ: ಇಲ್ಲಿಯೇ ನನಗೆ ಸಮಾಧಾನವಾಗದ ಒಂದು ಮಾತಿದೆ. ಮನೆಯ ಮೇಲಿನ ತೊಟ್ಟಿ ನಲ್ಲಿಗಿಂತ 10 ಮೀಟರು ಎತ್ತರದಲ್ಲಿದ್ದರೂ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮು, ಎಂದರೆ ಚದರ ಇಂಚಿಗೆ ಹದಿನಾಲ್ಕು ಪೌಂಡು ಮಾತ್ರ. ನಾಲ್ಕುನೂರು ಪೌಂಡನ್ನು ತಾಳಬಲ್ಲ ಸಂದಿಗೆ ಹದಿನಾಲ್ಕು ಪೌಂಡು ಯಾವ ಲೆಕ್ಕ? ಷೆಡ್ಯೂಲ್ 40ರಲ್ಲಿ ಅರ್ಧ ಭಿತ್ತಿ ಹೋದರೂ ಉಳಿದ ಅರ್ಧವೇ ಬೇಕಾದಷ್ಟಾಯಿತಲ್ಲವೆ?

ಹಿರಿಯರು: ಒಳ್ಳೆಯ ಪ್ರಶ್ನೆ, ಈ ವಿಷಯದ ತಿರುಳಿರುವುದೇ ಇದರಲ್ಲಿ. ನೀರಿನ ಒತ್ತಡವೊಂದೇ ಕೊಳವೆಯ ಶತ್ರುವಾಗಿದ್ದರೆ ನಿನ್ನ ವಾದಕ್ಕೆ ಉತ್ತರವಿರುತ್ತಿರಲಿಲ್ಲ. ಆದರೆ ಬಿರಿದ ಪ್ಲಾಸ್ಟಿಕ್ ಸಂದುಗಳನ್ನು ತೆಗೆದು ಪರೀಕ್ಷಿಸಿದವರು ಕಾಣುವುದೇನೆಂದರೆ, ಸಾಮಾನ್ಯವಾಗಿ ಬಿರುಕು ತಿರುಪಿನ ಕಣಿವೆಯೊಂದರ ತಳವನ್ನು ಹಿಡಿದು ಸುತ್ತಲೂ ಹರಿದಿರುತ್ತದೆ. ಇಲ್ಲವೇ ಹೆಣ್ಣು ತಿರುಪಿನ ಫಿಟಿಂಗು ಉದ್ದಕ್ಕೆ ಸೀಳಿರುತ್ತದೆ. ಮೊದಲನೆಯದಕ್ಕೆ ಕಾರಣ ಗಾಯ. ಎರಡನೆಯದಕ್ಕೆ ಕಾರಣ ಬೆಣೆ. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಗಾಯ ಮಾಡಿಕೊಟ್ಟರೆ, ಅದುವರೆಗೆ ಎಳೆದರೂ ಹರಿಯದಿದ್ದ ಬಟ್ಟೆ ಎರಡು ಬೆರಳಿನ ಸೆಳೆತಕ್ಕೆ ಹರಿಯುವುದನ್ನು ನೀನು ಬಲ್ಲೆ. ಗಟ್ಟಿ ಪಿವಿಸಿಯ ಸ್ವಭಾವವೂ ಅದೇ. ನುಣುಪಾದ ಮೈಯಿರುವತನಕ ಅದು ಬಾಗಿ ಬಳುಕಿ ಭಾರವನ್ನು ಹಂಚಿಕೊಳ್ಳುತ್ತದೆ. ಚೂಪಾದ ಕಣಿವೆಯೊಂದು ಬಿದ್ದಿತೆಂದರೆ ಸೆಳೆತವೆಲ್ಲ ಆ ಕಣಿವೆಯ ತಳದಲ್ಲಿಯೇ ಕೂಡಿಕೊಳ್ಳುತ್ತದೆ. ಉಕ್ಕು ಅಂಥ ಸ್ಥಳದಲ್ಲಿ ಒಂದಿಷ್ಟು ಮಣಿದು ಸೆಳೆತವನ್ನು ಸುತ್ತಲಿಗೆ ಹರಡುವುದು. ಪಿವಿಸಿಗೆ ಆ ಮಣಿಯುವ ಗುಣ ಅಷ್ಟಿಲ್ಲ. ಮೇಲಾಗಿ ಉಕ್ಕಿನ ಕೊಳವೆಯ ಕರ್ಷಣಬಲ 320 ಮೆಗಾಪ್ಯಾಸ್ಕಲಿಗೆ ಕಡಿಮೆಯಿರಬಾರದು. ಪಿವಿಸಿಯದು ಸುಮಾರು 50. ಉಕ್ಕು ಅರ್ಧ ಭಿತ್ತಿಯನ್ನು ಕಳೆದುಕೊಂಡರೂ ಶ್ರೀಮಂತವಾಗಿಯೇ ಉಳಿಯುತ್ತದೆ.

ಯುವಕ: ಒತ್ತಡವಲ್ಲವೆಂದರೆ, ಆ ಕಣಿವೆಯನ್ನು ಸೆಳೆಯುವುದು ಯಾವುದು?

ಹಿರಿಯರು: ಪಂಪು ನಿಂತಾಗಲೋ ನಲ್ಲಿಯನ್ನು ಥಟ್ಟನೆ ಮುಚ್ಚಿದಾಗಲೋ ಓಡುತ್ತಿರುವ ನೀರು ಕೊಡುವ ಪೆಟ್ಟು ಒಂದು. ಆಧಾರವಿಲ್ಲದೆ ತೂಗುವ ಕೊಳವೆಯ ಭಾರ ಇನ್ನೊಂದು. ಬಿಸಿಲಿನಲ್ಲಿ ಹಿಗ್ಗಿ ಇರುಳಿನಲ್ಲಿ ಕುಗ್ಗುವ ನಿತ್ಯದ ಚಲನೆ ಮತ್ತೊಂದು: ಪಿವಿಸಿ ಉಕ್ಕಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತದೆ; 10 ಮೀಟರಿನ ಪಿವಿಸಿ ಕೊಳವೆಯ ಉಷ್ಣತೆ 20 ಡಿಗ್ರಿ ಏರಿದರೆ ಅದು ಸುಮಾರು ಒಂದು ಸೆಂಟಿಮೀಟರು ಉದ್ದವಾಗುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹಾಯಿಸಿದ ಕೊಳವೆ ಹಗಲಿಗೂ ಇರುಳಿಗೂ ಎಷ್ಟು ಎಳೆದಾಡುವುದೆಂಬುದನ್ನು ಊಹಿಸಿಕೊ. ಅದೇ ಬಿಸಿಲು ಅದರ ಬಲವನ್ನೂ ಕುಂದಿಸುವುದು. ತಯಾರಕರ ಕೋಷ್ಟಕಗಳಂತೆ 60 ಡಿಗ್ರಿ ಸೆಲ್ಸಿಯಸಿನಲ್ಲಿ ಪಿವಿಸಿ ಕೊಳವೆಯ ಒತ್ತಡದ ಯೋಗ್ಯತೆ ಮೊದಲಿನ ಐದರಲ್ಲೊಂದು ಭಾಗಕ್ಕೆ ಬರುತ್ತದೆ. ಆದರೆ ಇವೆಲ್ಲಕ್ಕಿಂತ ಮಿಗಿಲಾದ ಸೆಳೆತವನ್ನು ಉಂಟುಮಾಡುವುದು ನೀರೂ ಅಲ್ಲ, ಬಿಸಿಲೂ ಅಲ್ಲ. ನಮ್ಮ ಕೈಯಲ್ಲಿರುವ ಪೈಪ್ ರೆಂಚು.

ಯುವಕ: ಬಿಗಿಯಾಗಿ ತಿರುಗಿಸದಿದ್ದರೆ ಸೋರುವುದಲ್ಲವೆ? ಇನ್ನೊಂದು ಸುತ್ತು ಬಿಗಿ ಎಂದು ತಾವೇ ನಮಗೆ ಕಲಿಸಿದ್ದಿರಿ.

ಹಿರಿಯರು: ಕಬ್ಬಿಣಕ್ಕೆ ಕಲಿಸಿದ ಮಾತು ಅದು; ಕಬ್ಬಿಣದಲ್ಲಿ ಅದು ಇಂದಿಗೂ ಸತ್ಯ. ಈ ತಿರುಪಿನ ಚರಿತ್ರೆಯನ್ನು ನೋಡಿದರೆ ಅದರ ಕಾರಣ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಒಬ್ಬೊಬ್ಬ ಕಾರ್ಖಾನೆಯವನು ಒಂದೊಂದು ಬಗೆಯಲ್ಲಿ ತಿರುಪು ಕೊರೆಯುತ್ತಿದ್ದ ಕಾಲದಲ್ಲಿ, ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ 1841ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ, ಎಲ್ಲರಿಗೂ ಒಂದೇ ಕ್ರಮವಿರಬೇಕೆಂಬ ಪ್ರಬಂಧವನ್ನು ಮಂಡಿಸಿದನು. ಅವನು ನಿಯಮಿಸಿದ 55 ಡಿಗ್ರಿ ಕೋನದ, ದುಂಡಗಿನ ತಲೆಯ ಆಕೃತಿಯೇ ಬ್ರಿಟಿಷ್ ಕೊಳವೆ ತಿರುಪಿಗೆ ಮೂಲವಾಗಿ, ಇಂದಿಗೂ ನಮ್ಮ ಐಎಸ್ 554 ಎಂಬ ಮಾನಕದಲ್ಲಿ ಉಳಿದು ಬಂದಿದೆ. ಇಳಿಜಾರಾದ ಗಂಡು ತಿರುಪು ಹೆಣ್ಣು ತಿರುಪಿನೊಳಗೆ ಹೋದಷ್ಟೂ ಬೆಣೆಯಾಗಿ ಒತ್ತಿ, ಲೋಹವು ಲೋಹವನ್ನು ಕಚ್ಚಿ, ನಡುವೆ ಉಳಿಯುವ ಸುರುಳಿಯಾಕಾರದ ಸಂದನ್ನು ಸೆಣಬಿನ ನಾರೂ ಸಫೇದವೂ ತುಂಬಿ, ನೀರು ನಿಲ್ಲುತ್ತದೆ: ಇದು ಆ ತಿರುಪಿನ ತತ್ತ್ವ. ಅದು ರೂಪುಗೊಂಡಾಗ ಪ್ಲಾಸ್ಟಿಕ್ ಕೊಳವೆ ಲೋಕದಲ್ಲಿಯೇ ಇರಲಿಲ್ಲ. ಪಿವಿಸಿ ಎಂಬ ಪದಾರ್ಥವನ್ನು 1872ರಲ್ಲಿ ಜರ್ಮನಿಯ ಬಾವ್‌ಮನ್ ಪ್ರಯೋಗಶಾಲೆಯಲ್ಲಿ ಕಂಡಿದ್ದನಾದರೂ, ಅದರಿಂದ ನೀರಿನ ಕೊಳವೆ ಮಾಡಿ ನೆಲದಲ್ಲಿ ಹೂಳಿದ್ದು 1930ರ ದಶಕದಲ್ಲಿ, ಆ ದೇಶದಲ್ಲಿಯೇ. ಕಬ್ಬಿಣಕ್ಕಾಗಿ ಹುಟ್ಟಿದ ಬೆಣೆಯನ್ನು ಪ್ಲಾಸ್ಟಿಕ್ಕಿನೊಳಗೆ ಅದೇ ಬಲದಿಂದ ಹೊಡೆದರೆ, ಕಬ್ಬಿಣವು ಕಚ್ಚಿಕೊಳ್ಳುವಲ್ಲಿ ಪ್ಲಾಸ್ಟಿಕ್ಕು ಹಿಗ್ಗುತ್ತದೆ. ಹಿಗ್ಗಿದ್ದು ಹಾಗೆಯೇ ಸೆಳೆತದಲ್ಲಿ ನಿಂತಿರುತ್ತದೆ. ನಿಂತ ಸೆಳೆತ ಕಾಲಕ್ರಮದಲ್ಲಿ ಬಿರುಕಾಗುತ್ತದೆ. ಪ್ಲಾಸ್ಟಿಕ್ಕಿನ ಬಲವು ಭಾರದ ಪ್ರಮಾಣವನ್ನು ಮಾತ್ರವಲ್ಲದೆ ಭಾರ ಹೊತ್ತ ಕಾಲವನ್ನೂ ಅವಲಂಬಿಸಿದೆ. ಆದುದರಿಂದ, ನೀನು ಕೆಲಸ ಮುಗಿಸಿದ ದಿನ ಸೋರಲಿಲ್ಲವೆಂಬುದು ಕಬ್ಬಿಣದಲ್ಲಿ ಪ್ರಮಾಣವಾದೀತು, ಪ್ಲಾಸ್ಟಿಕ್ಕಿನಲ್ಲಿ ಪ್ರಮಾಣವಾಗದು.

ಯುವಕ: ಹಾಗಾದರೆ ಬೋರ್‌ವೆಲ್ಲಿನ ಕಾಲಂ ಪೈಪುಗಳ ವಿಷಯವೇನು? ಅವೂ ಯುಪಿವಿಸಿಯೇ, ಪಂಪಿನ ಭಾರವನ್ನೂ ನೀರಿನ ಭಾರವನ್ನೂ ಹೊತ್ತು, ನೂರಾರು ಅಡಿ ಆಳಕ್ಕೆ ತಿರುಪಿನ ಮೇಲೆಯೇ ತೂಗುತ್ತವೆ. ಕೋಲಾರದ ಕಡೆ ರೈತರು ಅವನ್ನು ನಂಬಿಯೇ ಬದುಕುತ್ತಿದ್ದಾರೆ.

ಹಿರಿಯರು: ಈ ಉದಾಹರಣೆಯನ್ನು ನೀನು ನನ್ನ ಮಾತಿಗೆ ವಿರೋಧವಾಗಿ ತಂದೆ, ಅದು ನನ್ನ ಮಾತನ್ನೇ ಸಮರ್ಥಿಸುತ್ತದೆ. ಕಾಲಂ ಪೈಪಿನ ತಿರುಪನ್ನು ಸಾವಧಾನವಾಗಿ ನೋಡಿದ್ದೀಯಾ? ಅದು ಮನೆಯ ನಲ್ಲಿಯ ಚೂಪು ತಿರುಪಲ್ಲ. ಚೌಕ ಮೈಯ, ದೊಡ್ಡ ಹಲ್ಲಿನ ತಿರುಪು. ಚೌಕ ಹಲ್ಲು ಭಾರವನ್ನು ಕೊಳವೆಯ ಉದ್ದಕ್ಕೆ ಇಳಿಸುತ್ತದೆಯೇ ಹೊರತು ಬೆಣೆಯಂತೆ ಹೊರಕ್ಕೆ ಒತ್ತಿ ಸೀಳುವುದಿಲ್ಲ. ನೀರು ನಿಲ್ಲುವುದು ತಿರುಪಿನ ಬಿಗಿತದಿಂದಲ್ಲ, ಒಳಗಿರುವ ರಬ್ಬರಿನ ಉಂಗುರದಿಂದ. ಹೀಗಾಗಿ ಅಲ್ಲಿ ಹೆಚ್ಚು ಬಿಗಿಯುವ ಅಗತ್ಯವೇ ಇಲ್ಲ. ಕೊಳವೆಯ ಭಿತ್ತಿಯೂ ತಿರುಪನ್ನು ಲೆಕ್ಕದಲ್ಲಿಟ್ಟುಕೊಂಡೇ ದಪ್ಪವಾಗಿ ತಯಾರಾಗಿದೆ; ತಿರುಪನ್ನು ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ಮಾಡಿರುತ್ತಾರೆ. ಬಾವಿಯ ಕೇಸಿಂಗ್ ಪೈಪುಗಳಿಗೂ ಐಎಸ್ 12818 ಎಂಬ ಪ್ರತ್ಯೇಕ ಮಾನಕವೇ ಇದೆ. ಪ್ಲಾಸ್ಟಿಕ್ಕಿಗೆ ತಿರುಪೇ ಸಲ್ಲದೆಂದು ನಾನು ಹೇಳುತ್ತಿಲ್ಲ; ಪ್ಲಾಸ್ಟಿಕ್ಕಿನ ಗುಣವನ್ನು ಅರಿತು ಅದಕ್ಕಾಗಿಯೇ ರಚಿಸಿದ ತಿರುಪು ಅದಕ್ಕೆ ಸಲ್ಲುತ್ತದೆ, ಕಬ್ಬಿಣದಿಂದ ಎರವಲು ತಂದದ್ದು ಸಲ್ಲದು ಎನ್ನುತ್ತೇನೆ.

ಯುವಕ: ಒಪ್ಪಿದೆ. ಆದರೂ ಷೆಡ್ಯೂಲ್ 80ಕ್ಕೆ ಕೊರೆಯಬಹುದೆಂದು ಹೇಳಿದಿರಿ. ಕಾರ್ಖಾನೆಗಳಲ್ಲಿ, ಪಂಪುಮನೆಗಳಲ್ಲಿ ಅಂಥ ಕೆಲಸ ಬಂದರೆ ಹೇಗೆ ಮಾಡತಕ್ಕದ್ದು?

ಹಿರಿಯರು: ಮೊದಲನೆಯದಾಗಿ, ಕೊಳವೆಯನ್ನು ಸಣ್ಣ ಹಲ್ಲಿನ ಗರಗಸದಿಂದ, ಅಕ್ಷಕ್ಕೆ ಸರಿಯಾಗಿ ಲಂಬವಾಗಿ ಕತ್ತರಿಸಬೇಕು, ಓರೆಯಾಗಿ ಕತ್ತರಿಸಿದ ಕೊಳವೆಯ ಮೇಲೆ ಡೈ ಓರೆಯಾಗಿಯೇ ಕೂರುತ್ತದೆ, ಒಂದು ಪಕ್ಕದಲ್ಲಿ ಕಣಿವೆ ಆಳವಾಗಿ ಭಿತ್ತಿ ಇನ್ನಷ್ಟು ತೆಳುವಾಗುತ್ತದೆ. ಒಳಗಿನ ಹೊರಗಿನ ಜುಂಗನ್ನೆಲ್ಲ ಹೆರೆದು, ಹೊರ ಅಂಚನ್ನು ಕೊಂಚ ಇಳಿಜಾರು ಮಾಡಿಕೊಳ್ಳಬೇಕು. ಎರಡನೆಯದು, ಕೊಳವೆಯ ಬಾಯೊಳಗೆ ಅದಕ್ಕೆ ಹೊಂದುವ ಮರದ ಗೂಟವೊಂದನ್ನು ಇಡಬೇಕು. ಇಲ್ಲವಾದರೆ ವೈಸಿನ ಹಿಡಿತಕ್ಕೂ ಡೈಯ ಒತ್ತಡಕ್ಕೂ ಕೊಳವೆ ಅಂಡಾಕಾರವಾಗಿ, ತಿರುಪು ಒಂದು ಕಡೆ ಆಳ, ಒಂದು ಕಡೆ ಮೇಲು ಆಗುತ್ತದೆ. ವೈಸಿನ ಹಲ್ಲು ಮೈಯನ್ನು ಕಚ್ಚದಂತೆ ದಪ್ಪ ಬಟ್ಟೆಯನ್ನೋ ರಬ್ಬರನ್ನೋ ಸುತ್ತಬೇಕು. ಆ ಹಲ್ಲಿನ ಗುರುತೂ ಒಂದು ಗಾಯವೇ.

ಯುವಕ: ಡೈ ಹಳೆಯದೇ ಆಗಬಹುದೆ?

ಹಿರಿಯರು: ಕೂಡದು. ಕಬ್ಬಿಣವನ್ನು ಕೊರೆದ ಡೈಯ ಅಂಚು ಎಷ್ಟು ಚೆನ್ನಾಗಿ ಕಂಡರೂ ಸವೆದಿರುತ್ತದೆ. ಸವೆದ ಅಂಚು ಪ್ಲಾಸ್ಟಿಕ್ಕನ್ನು ಕತ್ತರಿಸುವುದಿಲ್ಲ, ಸೀಳಿ ಹರಿಯುತ್ತದೆ. ಪ್ಲಾಸ್ಟಿಕ್ಕಿಗೆಂದೇ ಒಂದು ಜೊತೆ ಹರಿತವಾದ ಡೈಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಕೈಯಿಂದ ಕೊರೆಯುವುದಾದರೆ ಅವುಗಳ ಮುಂಬಾಯಿಗೆ 5ರಿಂದ 10 ಡಿಗ್ರಿಯಷ್ಟು ಹಿಮ್ಮುಖದ ಓರೆಯಿರಬೇಕೆಂದು ತಯಾರಕರು ಹೇಳುತ್ತಾರೆ. ಲೋಹದ ಡೈಯಂತೆ ಮುಂದಕ್ಕೆ ಓರೆಯಿದ್ದರೆ ಅದು ಪದಾರ್ಥವನ್ನು ಅಗೆದು ಒಳಕ್ಕೆ ಹೋಗುತ್ತದೆ. ಕಬ್ಬಿಣಕ್ಕೆ ಹಾಕುವ ಕಟಿಂಗ್ ಆಯಿಲನ್ನು ಇಲ್ಲಿ ಹತ್ತಿರಕ್ಕೂ ಸೇರಿಸಬೇಡ. ನೀರು, ಇಲ್ಲವೇ ಸೋಪಿನ ನೀರು ಸಾಕು. ಕೆಲವು ಬಗೆಯ ಎಣ್ಣೆಗಳು, ಅದರಲ್ಲಿಯೂ ಸಿಪಿವಿಸಿಯಲ್ಲಿ, ಸೆಳೆತದಲ್ಲಿರುವ ಭಾಗವನ್ನು ಹುಡುಕಿ ಬಿರುಕು ಹುಟ್ಟಿಸುತ್ತವೆ. ಅವಸರವಿಲ್ಲದೆ ತಿರುಗಿಸು, ಬೇಗ ತಿರುಗಿಸಿದರೆ ಬಿಸಿಯಾಗಿ ತಿರುಪಿನ ತಲೆ ಮೆತ್ತಗಾಗುತ್ತದೆ. ನೂಲಿನಂತೆ ಸುರುಳಿ ಬರುವ ತುಣುಕುಗಳನ್ನು ಆಗಿಂದಾಗ ತೆಗೆಯುತ್ತಿರು. ಅರ್ಧ ಇಂಚಿನ ತಿರುಪಿಗೆ ಉಪಯುಕ್ತ ಉದ್ದ 13 ಮಿಲಿಮೀಟರು, ಮುಕ್ಕಾಲಕ್ಕೆ ಹದಿನಾಲ್ಕೂವರೆ, ಒಂದು ಇಂಚಿಗೆ ಸುಮಾರು 17. ಅದಕ್ಕಿಂತ ಉದ್ದಕ್ಕೆ ಕೊರೆದರೆ ಫಿಟಿಂಗಿನ ಹೊರಗೆ ಆಶ್ರಯವಿಲ್ಲದ ಕಣಿವೆಗಳು ಉಳಿದು, ಕೊಳವೆ ಅಲ್ಲಿಯೇ ಮುರಿಯುತ್ತದೆ.

ಯುವಕ: ಬಿಗಿಯುವಾಗ ಎಷ್ಟು ಬಿಗಿಯಬೇಕು?

ಹಿರಿಯರು: ಟೆಫ್ಲಾನ್ ಟೇಪನ್ನು ತಿರುಪಿನ ದಿಕ್ಕಿಗೇ ಎರಡು ಮೂರು ಸುತ್ತು ಸುತ್ತಿ, ಬೆರಳಿನಿಂದ ಹೋಗುವಷ್ಟು ತಿರುಗಿಸು, ಅಲ್ಲಿಂದ ಮುಂದೆ ಒಂದು, ಹೆಚ್ಚೆಂದರೆ ಎರಡು ಸುತ್ತು, ಅದೂ ಹಲ್ಲಿಲ್ಲದ ಪಟ್ಟಿ ರೆಂಚಿನಿಂದ. ಟೇಪು ಹೆಚ್ಚಾದಷ್ಟೂ ಬೆಣೆ ದಪ್ಪವಾಗುತ್ತದೆಂಬುದನ್ನು ಮರೆಯಬೇಡ. ತಿರುಪಿನ ಮೇಲೆ ಸಲ್ಯೂಷನ್ ಹಚ್ಚುವ ಅಭ್ಯಾಸ ಕೆಲವರಿಗಿದೆ, ಅದೂ ಕೂಡದು. ಇನ್ನೊಂದು ಎಚ್ಚರಿಕೆ: ಅಮೆರಿಕದ ಎನ್‌ಪಿಟಿ ತಿರುಪಿನ ಕೋನ 60 ಡಿಗ್ರಿ, ನಮ್ಮದು 55. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ ಇರುವುದರಿಂದ ಒಂದರೊಳಗೊಂದು ಸುಲಭವಾಗಿ ಹತ್ತುತ್ತದೆ, ಆದರೆ ಕೂರುವುದಿಲ್ಲ. ಒಂದು ಇಂಚಿನಲ್ಲಿ ನಮ್ಮದು 11, ಅವರದು ಹನ್ನೊಂದೂವರೆ. ಆಮದಾದ ಪಂಪಿಗೋ ಶೋಧಕಕ್ಕೋ ಜೋಡಿಸುವಾಗ ಮೊದಲು ಇದನ್ನು ನೋಡಿಕೊಳ್ಳಬೇಕು.

ಯುವಕ: ಇಷ್ಟೆಲ್ಲ ಸಿದ್ಧತೆ ಸಾಮಾನ್ಯ ಮನೆಯ ಕೆಲಸದಲ್ಲಿ ನಡೆಯುವ ಮಾತಲ್ಲ. ನನ್ನ ಮೊದಲಿನ ಪ್ರಶ್ನೆಗೇ ಬರುತ್ತೇನೆ. ಗೋಡೆಯಲ್ಲಿ ಜಿಐ ಕಪ್ಲಿಂಗಿದೆ. ಅಲ್ಲಿಗೆ ಪ್ಲಾಸ್ಟಿಕ್ಕನ್ನು ಹೇಗೆ ಸೇರಿಸಲಿ?

ಹಿರಿಯರು: ಅಂಗಡಿಯಲ್ಲಿ ಎಂಟಿಎ ಎಂದು ಕೇಳುತ್ತೀಯಲ್ಲ, ಒಂದು ತುದಿಯಲ್ಲಿ ಗಂಡು ತಿರುಪು, ಇನ್ನೊಂದು ತುದಿಯಲ್ಲಿ ಸಲ್ಯೂಷನ್ ಹಾಕುವ ಬಾಯಿ ಇರುವ ಫಿಟಿಂಗು, ಅದೇ ಇದಕ್ಕೆ ಉತ್ತರ. ಅದರ ತಿರುಪನ್ನು ಕೆತ್ತಿದ್ದಲ್ಲ, ಅಚ್ಚಿನಲ್ಲಿ ಎರೆದದ್ದು. ಅದರ ಭಿತ್ತಿ ತಿರುಪಿಗೆ ಬೇಕಾದಷ್ಟು ದಪ್ಪವಾಗಿಯೇ ಇರುತ್ತದೆ. ಪ್ಲಾಸ್ಟಿಕ್ಕಿನ ಗಂಡು ತಿರುಪು ಕಬ್ಬಿಣದ ಹೆಣ್ಣು ತಿರುಪಿನೊಳಗೆ ಹೋದಾಗ ಕಬ್ಬಿಣವು ಹೊರಗಿನಿಂದ ಅದನ್ನು ಅಪ್ಪಿ ಹಿಡಿಯುತ್ತದೆ, ಸೀಳುವ ಭಯವಿಲ್ಲ. ಇದಕ್ಕೆ ವಿಪರೀತವಾಗಿ, ಕಬ್ಬಿಣದ ಗಂಡು ತಿರುಪನ್ನು ಬರಿಯ ಪ್ಲಾಸ್ಟಿಕ್ಕಿನ ಹೆಣ್ಣು ತಿರುಪಿಗೆ ಎಂದಿಗೂ ಹೊಡೆಯಬೇಡ. ಹಿತ್ತಾಳೆಯ ನಲ್ಲಿ ಬರುವೆಡೆಯಲ್ಲೆಲ್ಲ ಒಳಗೆ ಹಿತ್ತಾಳೆಯನ್ನು ಕೂರಿಸಿದ ಎಲ್ಬೊ ಅಥವಾ ಟೀಯನ್ನೇ ಹಾಕು. ನಾಲ್ಕು ಕಾಸು ಹೆಚ್ಚಾಗುವುದೆಂದು ಯಜಮಾನರು ಹಿಂದೆಗೆದರೆ, ಅದು ಗೋಡೆ ಒಡೆಯುವ ಖರ್ಚಿಗಿಂತ ಕಡಿಮೆಯೆಂದು ಅವರಿಗೆ ತಿಳಿಯಹೇಳುವುದೂ ನಿನ್ನ ಕಸುಬಿನ ಭಾಗವೇ.

ಯುವಕ: ಆದರೆ ಸಲ್ಯೂಷನ್ನಿನ ಮೇಲೆ ಹಳಬರಿಗೆ ನಂಬಿಕೆಯಿಲ್ಲ ಮೇಷ್ಟ್ರೇ. ಅಂಟು ಅಂಟೇ, ಥ್ರೆಡ್ಡು ಥ್ರೆಡ್ಡೇ ಎನ್ನುತ್ತಾರೆ. ಮೇಲಾಗಿ ಥ್ರೆಡ್ಡನ್ನು ಬಿಚ್ಚಬಹುದು. ಸಲ್ಯೂಷನ್ ಹಾಕಿದ್ದನ್ನು ಕತ್ತರಿಸದೆ ತೆಗೆಯಲಾಗುವುದಿಲ್ಲ.

ಹಿರಿಯರು: ಬಿಚ್ಚಬೇಕಾದ ಸ್ಥಳದಲ್ಲಿ ಯೂನಿಯನ್ ಹಾಕು, ಪಂಪಿನ ಬಳಿ, ವಾಲ್ವಿನ ಬಳಿ ಅದು ಇರಲೇಬೇಕು. ಗೋಡೆಯೊಳಗಿನದನ್ನು ಯಾರೂ ಬಿಚ್ಚುವುದಿಲ್ಲ. ಇನ್ನು ಅಂಟಿನ ಮಾತು. ಸಲ್ಯೂಷನ್ ಎಂಬುದು ಎರಡು ವಸ್ತುಗಳ ನಡುವೆ ನಿಲ್ಲುವ ಮೂರನೆಯ ಅಂಟಲ್ಲ. ಅದರಲ್ಲಿರುವ ಟೆಟ್ರಾಹೈಡ್ರೋಫ್ಯೂರಾನ್, ಸೈಕ್ಲೋಹೆಕ್ಸನೋನ್ ಮೊದಲಾದ ದ್ರಾವಕಗಳು ಕೊಳವೆಯ ಹೊರಮೈಯನ್ನೂ ಫಿಟಿಂಗಿನ ಒಳಮೈಯನ್ನೂ ಕರಗಿಸಿ ಮೆತ್ತಗೆ ಮಾಡುತ್ತವೆ. ಕೊಳವೆಯನ್ನು ಒಳಕ್ಕೆ ತಳ್ಳಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿದಾಗ ಎರಡೂ ಮೈಗಳು ಬೆರೆಯುತ್ತವೆ. ದ್ರಾವಕ ಆವಿಯಾಗಿ ಹೋದ ಬಳಿಕ ಉಳಿಯುವುದು ಪಿವಿಸಿಯೇ, ಒಂದೇ ಪಿವಿಸಿ. ಕಬ್ಬಿಣಕ್ಕೆ ಬೆಸುಗೆ ಯಾವುದೋ ಪ್ಲಾಸ್ಟಿಕ್ಕಿಗೆ ಇದು ಅದು. ಇಲ್ಲಿ ಗಾಯವಿಲ್ಲ, ಕಣಿವೆಯಿಲ್ಲ, ಬೆಣೆಯಿಲ್ಲ. ಭಿತ್ತಿ ಕಡಿಮೆಯಾಗುವುದರ ಬದಲು ಸಂದಿನಲ್ಲಿ ಇಮ್ಮಡಿಯಾಗುತ್ತದೆ. ಸರಿಯಾಗಿ ಮಾಡಿದ ಸಂದು ಕೊಳವೆಗಿಂತಲೂ ಬಲವಾಗಿರುತ್ತದೆ. ಕೆಡುವುದು ಸಲ್ಯೂಷನ್ನಿನಿಂದಲ್ಲ, ಕೈಯ ಅವಸರದಿಂದ: ಒದ್ದೆಯನ್ನೂ ಧೂಳನ್ನೂ ಒರಸದೆ ಹಚ್ಚುವುದು, ಮುಚ್ಚಳ ತೆರೆದಿಟ್ಟು ಗಟ್ಟಿಯಾದದ್ದನ್ನು ಬಳಸುವುದು, ಪಿವಿಸಿಯದನ್ನು ಸಿಪಿವಿಸಿಗೆ ಹಚ್ಚುವುದು, ಡಬ್ಬಿಯ ಮೇಲೆ ಬರೆದಿರುವ ಕಾಲದವರೆಗೆ ಕಾಯದೆ ನೀರು ಬಿಡುವುದು.

ಯುವಕ: ಕಾಯುವುದಕ್ಕೆ ಯಜಮಾನರು ಒಪ್ಪುವುದಿಲ್ಲ, ಸಂಜೆಯೊಳಗೆ ನೀರು ಬರಬೇಕೆನ್ನುತ್ತಾರೆ. ನಮ್ಮ ಜೊತೆಗಾರರಲ್ಲಿ ಕೆಲವರು ಕೊಳವೆಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಜಿಐ ನಿಪ್ಪಲಿನ ಮೇಲೆ ಒತ್ತಿ, ಥ್ರೆಡ್ಡಿನ ಅಚ್ಚು ಮೂಡಿಸಿಬಿಡುತ್ತಾರೆ.

ಹಿರಿಯರು: ಹೊಲದಲ್ಲಿ ನೀರು ಹಾಯಿಸುವ ಒತ್ತಡವಿಲ್ಲದ ಕೊಳವೆಗೆ ಅದು ತಾತ್ಕಾಲಿಕವಾಗಿ ನಡೆದೀತು, ಮನೆಯ ಗೋಡೆಯೊಳಗೆ ಅದನ್ನು ಹೂಳುವುದು ಅನ್ಯಾಯ. ಬೆಂಕಿಯಲ್ಲಿ ಒಂದು ಪಕ್ಕ ಸುಟ್ಟು, ಒಂದು ಪಕ್ಕ ಹಿಗ್ಗಿ ತೆಳುವಾದ ಕೊಳವೆ ಯಾವ ಒತ್ತಡವನ್ನು ತಾಳುವುದೆಂದು ಹೇಳಬಲ್ಲ ಮಾನಕ ಯಾವುದೂ ಇಲ್ಲ. ಸಮಯದ ಮಾತನ್ನು ಕೆಲಸ ಒಪ್ಪಿಕೊಳ್ಳುವಾಗಲೇ ಹೇಳಿಬಿಡು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂದಂದಿನಿಂದ ನಮ್ಮ ಕಸುಬಿನ ಹಿರಿಯರು ಕಬ್ಬಿಣದ ಕೊಳವೆಯ ಮೇಲೆ ಕೈ ಪಳಗಿಸಿಕೊಂಡರು. ಆ ವಿದ್ಯೆ ದೊಡ್ಡದು, ಅದನ್ನು ನಾನು ಕಲಿತೆ, ನಿನಗೂ ಕಲಿಸಿದೆ. ಆದರೆ ಪದಾರ್ಥ ಬದಲಾದಾಗ ಕೈಯೂ ಬದಲಾಗಬೇಕು. ಕಬ್ಬಿಣದ ಕೆಲಸದಲ್ಲಿ ಕುಶಲಿಯ ಲಕ್ಷಣ ಬಲ. ಪ್ಲಾಸ್ಟಿಕ್ಕಿನ ಕೆಲಸದಲ್ಲಿ ಎಲ್ಲಿ ಬಲವನ್ನು ನಿಲ್ಲಿಸಬೇಕೆಂಬ ವಿವೇಕ.

ಯುವಕ: ಹಾಗಾದರೆ ನಾನು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದುದನ್ನು ಒಂದೆರಡು ಮಾತಿನಲ್ಲಿ ಹೇಳಿ.

ಹಿರಿಯರು: ಮನೆಯ ತೆಳು ಭಿತ್ತಿಯ ಪ್ಲಾಸ್ಟಿಕ್ ಕೊಳವೆಗೆ ಡೈ ತಾಗಿಸಬೇಡ, ತಿರುಪು ಬೇಕಾದಲ್ಲಿ ಅದನ್ನು ಫಿಟಿಂಗಿನಿಂದ ಪಡೆ. ಷೆಡ್ಯೂಲ್ 80ಕ್ಕೆ ಕೊರೆಯಲೇಬೇಕಾಗಿ ಬಂದರೆ ಪ್ರತ್ಯೇಕ ಡೈ, ಒಳಗೆ ಗೂಟ, ಸೋಪಿನ ನೀರು, ಅಳತೆಯ ಉದ್ದ, ಅರ್ಧಕ್ಕಿಳಿಸಿದ ಒತ್ತಡ, ಈ ಐದನ್ನೂ ಬಿಡಬೇಡ. ಬಿಗಿಯುವಾಗ ಬೆರಳಿನ ಮೇಲೆ ಎರಡು ಸುತ್ತಿಗೆ ನಿಲ್ಲು. ಮನೆ ಕಟ್ಟಿಸುವವರಿಗೂ ನನ್ನದೊಂದು ವಿಜ್ಞಾಪನೆಯಿದೆ: ಗೋಡೆಗೆ ಗಾರೆ ಹಾಕುವ ಮುನ್ನ ಒಮ್ಮೆ ನಿಂತು ನಿಮ್ಮ ಕೊಳವೆಗಳ ಸಂದುಗಳನ್ನು ನೋಡಿ, ಕೊಳವೆಯ ಮೈಯಲ್ಲಿಯೇ ಕೆತ್ತಿದ ತಿರುಪು ಕಂಡರೆ, ಅದು ಇಂದು ಸೋರದಿದ್ದರೂ, ಅದನ್ನು ತೆಗೆಸಿ ಫಿಟಿಂಗು ಹಾಕಿಸಿರಿ.